ನಮ್ಮ ತರುಣರ ಸಾಯಂಕಾಲ

ಶಾಲೆಯ ಕಡೆಯ ಗಂಟೆ ಹೊಡೆದ ಮೇಲೆ ಮನೆಯಲ್ಲಿ ದೀಪ ಹಚ್ಚುವವರೆಗಿನ ಎರಡು ಮೂರು ತಾಸುಗಳು ಯಾರ ಪಾಲಿಗೆ ಸೇರಿದವೆಂಬ ಪ್ರಶ್ನೆಯನ್ನು ನಮ್ಮ ವಾಚಕರು ಒಮ್ಮೆ ತಮ್ಮಲ್ಲಿ ತಾವೇ ಕೇಳಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಹುಡುಗನು ಉಪಾಧ್ಯಾಯರ ವಶದಲ್ಲಿರುತ್ತಾನೆ. ರಾತ್ರಿಯ ಊಟದ ಹೊತ್ತಿನಿಂದ ತಂದೆತಾಯಿಗಳ ವಶದಲ್ಲಿರುತ್ತಾನೆ. ನಡುವಣ ಹೊತ್ತಿಗೆ ಒಡೆಯರಿಲ್ಲ. ಶಿಕ್ಷಣದ ವಿಷಯವಾಗಿ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲವೂ ಪಠ್ಯಪುಸ್ತಕ, ಪರೀಕ್ಷೆ, ಬೋಧನೆಯ ಭಾಷೆ, ಉಪಾಧ್ಯಾಯರ ನೇಮಕ ಇವುಗಳನ್ನೇ ಕುರಿತವು. ಅವು ಆವಶ್ಯಕವಾದ ಚರ್ಚೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಡೆಯರಿಲ್ಲದ ಆ ಹೊತ್ತಿನಲ್ಲಿ ನಾಡಿನ ಮಕ್ಕಳು ಏನಾಗುತ್ತಿದ್ದಾರೆಂಬುದನ್ನು ವಿಚಾರಿಸುವವರು ವಿರಳ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಶಾಲೆಯು ವಿದ್ಯೆಯನ್ನು ಕಲಿಸುತ್ತದೆ. ಮನೆಯು ಮಮತೆಯನ್ನು ಕೊಡುತ್ತದೆ. ಆದರೆ ಸಮಾನರೊಡನೆ ಕೂಡಿ, ತಾವೇ ನಿಯಮ ಮಾಡಿಕೊಂಡು, ಆ ನಿಯಮಕ್ಕೆ ತಾವೇ ತಲೆಬಾಗಿ ನಡೆಯುವುದನ್ನು ಕಲಿಸತಕ್ಕದ್ದು ತರುಣರ ಸಂಘವೊಂದೇ. ಸ್ವರಾಜ್ಯವೆಂಬ ಮಾತಿಗೆ ತನ್ನನ್ನು ತಾನು ಆಳಿಕೊಳ್ಳುವುದೆಂದು ಅರ್ಥವಷ್ಟೆ. 1989ರಿಂದೀಚೆಗೆ ಹದಿನೆಂಟು ತುಂಬಿದ ಪ್ರತಿಯೊಬ್ಬರ ಕೈಗೂ ನಮ್ಮ ರಾಜ್ಯಾಂಗವು ಮತವನ್ನು ಕೊಟ್ಟಿದೆ. ಆ ಮತವನ್ನು ಹಿಡಿಯುವ ಕೈಗೆ ಅದಕ್ಕೆ ಮೊದಲು ಎಲ್ಲಿ ಅಭ್ಯಾಸವಾಗಬೇಕು? ನೀರಿಗಿಳಿಯದೆ ಈಜು ಬರುವುದಿಲ್ಲ. ಆದುದರಿಂದ ಊರೂರಿನ ಬಾಲಕ ಬಾಲಿಕೆಯರ ಸಂಘಗಳನ್ನು ಬಿಡುವಿನ ವಿನೋದವೆಂದು ತಿಳಿಯದೆ, ಸ್ವರಾಜ್ಯದ ಮೊದಲ ಪಾಠಶಾಲೆಗಳೆಂದು ತಿಳಿಯಬೇಕಾಗಿದೆ.

ಹಿಂದಿನವರ ಏರ್ಪಾಡು

ಸಂಘವೆಂಬುದು ನಮಗೆ ಹೊರಗಿನಿಂದ ಬಂದ ಪದಾರ್ಥವಲ್ಲ. ಹಳೆಯ ಮೈಸೂರಿನ ಕೇರಿಗಳಲ್ಲಿ ಗರಡಿಮನೆಗಳಿದ್ದವು, ಉತ್ತರ ಕರ್ನಾಟಕದ ಊರುಗಳಲ್ಲಿ ತಾಲೀಮುಗಳಿದ್ದವು. ಭಜನೆಯ ಮಂಡಳಿ, ಬಯಲಾಟದ ಮೇಳ, ಕೋಲಾಟದ ಗುಂಪು ಇವುಗಳಲ್ಲಿ ಎಳೆಯರು ಹಿರಿಯರ ಬಳಿ ಕೂತು ಕಲಿಯುತ್ತಿದ್ದರು. ಗರಡಿಯ ಮಣ್ಣಿಗೆ ಇಳಿಯುವ ಮೊದಲು ಕೈಮುಗಿಯಬೇಕು, ಬಿದ್ದವನನ್ನು ಎತ್ತಬೇಕು, ಉಸ್ತಾದರ ಮಾತಿಗೆ ಎದುರಾಡಬಾರದು ಎಂಬ ಶಿಸ್ತು ಅಲ್ಲಿ ಬರೆಯದೆಯೇ ಇದ್ದಿತು. ಇವುಗಳಲ್ಲಿ ದೋಷಗಳೂ ಇಲ್ಲದಿರಲಿಲ್ಲ. ಹಲವೆಡೆ ಜಾತಿಯ ಗೋಡೆಗಳು ಇದ್ದವು. ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಪ್ರವೇಶವೇ ಇರಲಿಲ್ಲ. ಈ ಹಳೆಯ ಪದ್ಧತಿಯ ಗುಣವನ್ನು ಉಳಿಸಿಕೊಂಡು ದೋಷವನ್ನು ಕಳೆಯುವ ಯತ್ನವನ್ನು ಕಳೆದ ಶತಮಾನದಲ್ಲಿ ನಮ್ಮ ನಾಡಿನ ಕೆಲವರು ಮಾಡಿದರು.

ಅವರಲ್ಲಿ ಮೊದಲು ಸ್ಮರಿಸತಕ್ಕವರು ಡಾ॥ ನಾರಾಯಣ ಸುಬ್ಬರಾವ್ ಹರ್ಡೀಕರರು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಲಾಲಾ ಲಜಪತ ರಾಯರೊಡನೆ ಭಾರತದ ಪರವಾಗಿ ದುಡಿದು, 1921ರಲ್ಲಿ ಸ್ವದೇಶಕ್ಕೆ ಮರಳಿದರು. ವೈದ್ಯವೃತ್ತಿಯಿಂದ ಸುಖವಾಗಿರಬಹುದಾಗಿದ್ದ ಈ ಮಹನೀಯರು ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಸೇವಾ ಮಂಡಲವನ್ನು ಕಟ್ಟಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ದೇಶದ ನಾನಾ ಕಡೆಗಳಿಂದ ಸ್ವಯಂಸೇವಕರು ಹೋದರು. ಸೆರೆಮನೆಯ ಕಷ್ಟವನ್ನು ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಮಂಡಲದವರು ಬರೆದುಕೊಡಲಿಲ್ಲ. ಇವರ ಈ ದೃಢತೆಯು ರಾಷ್ಟ್ರನಾಯಕರ ಕಣ್ಣಿಗೆ ಬಿದ್ದಿತು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ನೆರೆದ ಕಾಂಗ್ರೆಸ್ ಮಹಾಸಭೆಯ ಕಾಲದಲ್ಲಿ ಹಿಂದೂಸ್ತಾನಿ ಸೇವಾ ದಳವು ರೂಪುಗೊಂಡು, ಜವಾಹರಲಾಲ್ ನೆಹರೂ ಅವರು ಅದರ ಅಧ್ಯಕ್ಷರಾದರು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನಡೆದಾಗ ಈ ದಳದ ತರುಣರು ಅಲ್ಲಿನ ವ್ಯವಸ್ಥೆಗೆ ಹೆಗಲು ಕೊಟ್ಟರು. ದಳದ ಮಹಿಳಾ ಶಾಖೆಯ ಮುಂದಾಳುಗಳಾಗಿದ್ದ ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಮಿಕ್ಕ ಸ್ತ್ರೀಯರನ್ನು, ವಿಧವೆಯರನ್ನೂ ಬಿಡದೆ, ಸ್ವಯಂಸೇವಿಕೆಯರನ್ನಾಗಿ ಕರೆತಂದರು. ಮನೆಯ ಹೊಸ್ತಿಲನ್ನು ದಾಟದಿದ್ದ ಹೆಂಗಸರು ಸಹಸ್ರಾರು ಜನರ ನಡುವೆ ನಿಂತು ಕೆಲಸ ಮಾಡಿದುದು ಆ ಕಾಲಕ್ಕೆ ಅಲ್ಪವಾದ ಸಂಗತಿಯಲ್ಲ. 1932ರಲ್ಲಿ ಆಂಗ್ಲ ಸರಕಾರವು ದಳದ ಮೇಲೆ ನಿಷೇಧವನ್ನು ಹೇರಿತು. ಕವಾಯತು ಮಾಡುವ, ಬೀದಿ ಗುಡಿಸುವ, ಜಾತ್ರೆಯಲ್ಲಿ ನೀರು ಕೊಡುವ ಹುಡುಗರನ್ನು ಕಂಡು ಅಷ್ಟು ದೊಡ್ಡ ಚಕ್ರಾಧಿಪತ್ಯವು ಹೆದರಿದ್ದೇಕೆ? ತಮ್ಮನ್ನು ತಾವು ಆಳಿಕೊಳ್ಳಬಲ್ಲವರನ್ನು ಇನ್ನೊಬ್ಬರು ಬಹುಕಾಲ ಆಳಲಾರರೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿದ್ದಿತು.

ಇನ್ನೊಂದು ನಿದರ್ಶನವು ಬೆಂಗಳೂರಿನದು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯನ್ನು ನಡೆಸಿ ಸ್ತ್ರೀಯರ ಏಳಿಗೆಗೆ ಶ್ರಮಿಸಿದುದು ಕನ್ನಡಿಗರಿಗೆ ತಿಳಿದ ವಿಷಯ. ಆಕೆಯೇ 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಶಾಲೆಯಲ್ಲಿ ಕೂತು ಕೇಳುವ ಮಗುವು ಇಲ್ಲಿ ಎದ್ದು ನಿಂತು ಹಾಡಬೇಕು, ಆಡಬೇಕು, ಸಭೆಯಲ್ಲಿ ಮಾತನಾಡಬೇಕು ಎಂಬುದು ಇಂಥ ಕೂಟದ ಉದ್ದೇಶ. ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವೆಂಬ ಹೆಸರು ಇಂದಿಗೂ ಉಳಿದಿದೆ. ತನ್ನ ಸ್ವಂತ ಬಾಲ್ಯವನ್ನು ಲೋಕವು ಕಸಿದುಕೊಂಡಿದ್ದರೂ ನಾಡಿನ ಮಕ್ಕಳಿಗೆ ಬಾಲ್ಯವನ್ನು ಕೊಡಲು ಹೊರಟ ಆ ತಾಯಿಯ ಔದಾರ್ಯಕ್ಕೆ ಎಣೆಯುಂಟೆ?

ಮೂರನೆಯದು ಮಲೆನಾಡಿನ ಒಂದು ಹಳ್ಳಿಯ ವೃತ್ತಾಂತ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಹೆಗ್ಗೋಡು ಎಂಬ ಊರಿನಲ್ಲಿ 1949ರಲ್ಲಿ ಕೆಲವು ಗ್ರಾಮಸ್ಥರು ಕೂಡಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಅಡಿಕೆಯ ತೋಟದ ಕೆಲಸ ಮುಗಿದ ಮೇಲೆ ನಾಟಕವಾಡುವುದು ಅವರ ಹವ್ಯಾಸ. ಮುಂದೆ ಆ ಸಂಘದ ಜೀವಾಳವಾದ ಕೆ. ವಿ. ಸುಬ್ಬಣ್ಣನವರು ಆಗ ಹದಿನೇಳು ವರ್ಷದ ತರುಣರು. ಅದೇ ಸಂಘವು ‘ನೀನಾಸಂ’ ಎಂಬ ಹೆಸರಿನಿಂದ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, 1985ರಿಂದ ‘ತಿರುಗಾಟ’ದ ಮೂಲಕ ನಾಡಿನ ಊರೂರಿಗೆ ನಾಟಕವನ್ನು ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಾಗ ಹಳ್ಳಿಯ ಸಾಯಂಕಾಲವೊಂದು ಎಲ್ಲಿಯವರೆಗೆ ಹೋಗಬಲ್ಲುದೆಂಬುದು ಲೋಕಕ್ಕೇ ತಿಳಿಯಿತು.

ಈ ಮೂರೂ ಉದ್ಯಮಗಳು ಬೇರೆ ಬೇರೆ. ಒಂದು ಸೇವೆಯದು, ಒಂದು ಮಕ್ಕಳದು, ಒಂದು ಕಲೆಯದು. ಆದರೆ ಮೂರಕ್ಕೂ ಸಮಾನವಾದುದೊಂದುಂಟು. ದೊಡ್ಡ ಕಟ್ಟಡದಿಂದಾಗಲಿ ದೊಡ್ಡ ಹಣದಿಂದಾಗಲಿ ಅವು ಆರಂಭವಾಗಲಿಲ್ಲ. ಬಿಡುವಿನ ಹೊತ್ತನ್ನು ಒಟ್ಟಾಗಿ ಕಳೆಯಬೇಕೆಂಬ ಎಳೆಯರು, ಅವರೊಡನೆ ನಿಲ್ಲಬಲ್ಲ ಒಬ್ಬರು ಹಿರಿಯರು, ದಿನವೂ ತಪ್ಪದ ಒಂದು ಕ್ರಮ, ಇಷ್ಟೇ ಅವುಗಳ ಮೂಲಧನ.

ಸಂಘವು ಕಲಿಸುವ ಪಾಠಗಳು

ಸಂಘದಿಂದ ಪ್ರಯೋಜನವೇನೆಂದು ಕೇಳುವವರಿಗೆ ದೇಹದ ಮಾತನ್ನೇ ಮೊದಲು ಹೇಳೋಣ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈ ಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆ ಸಂಸ್ಥೆಯ ತಜ್ಞರು 2016ರವರೆಗಿನ ಲೆಕ್ಕಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಲೋಕದಲ್ಲಿ 11ರಿಂದ 17 ವರ್ಷದ ಶಾಲಾ ಬಾಲಕರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ಚಲನೆಯಿಲ್ಲ. ಹುಡುಗಿಯರ ಸ್ಥಿತಿಯು ಹುಡುಗರದಕ್ಕಿಂತ ಕೆಳಗಿದೆ. ಮೂಳೆ ಬಲಿಯುವ ವಯಸ್ಸಿನಲ್ಲಿ ಕೂತೇ ಕಳೆದ ದೇಹವು ನಲವತ್ತರಲ್ಲಿ ವೈದ್ಯರ ಬಾಗಿಲನ್ನು ಕಾಯುತ್ತದೆ. ಕಬಡ್ಡಿಗೂ ಖೋ ಖೋಗೂ ಬೇಕಾದದ್ದು ಒಂದು ಬಯಲು, ಒಂದು ಹಿಡಿ ಸುಣ್ಣ.

ಎರಡನೆಯದು ಹಣದ ಪಾಠ. ಇಪ್ಪತ್ತು ಮಂದಿ ಹುಡುಗರು ತಲೆಗೆ ಹತ್ತು ರೂಪಾಯಿಯಂತೆ ಕೂಡಿಸಿ ಒಂದು ಚೆಂಡನ್ನೂ ಬಲೆಯನ್ನೂ ಕೊಳ್ಳಲು ಹೊರಟರೆಂದು ಭಾವಿಸೋಣ. ಹಣವನ್ನು ಯಾರ ಕೈಯಲ್ಲಿಡಬೇಕು? ಕೊಡಲಾರದವನನ್ನು ಬಿಟ್ಟುಬಿಡಬೇಕೆ, ಸೇರಿಸಿಕೊಳ್ಳಬೇಕೆ? ಉಳಿದ ಚಿಲ್ಲರೆಗೆ ಲೆಕ್ಕ ಎಲ್ಲಿ? ಖಜಾಂಚಿಯಾದವನು ಜಮಾ ಖರ್ಚನ್ನು ಬರೆದು ಎಲ್ಲರೆದುರು ಓದಿ ಹೇಳಬೇಕು. ಕೇಳಿದವನಿಗೆ ಸಿಟ್ಟಾಗದೆ ಉತ್ತರ ಕೊಡಬೇಕು. ಸಾರ್ವಜನಿಕರ ಹಣವೆಂದರೆ ಯಾರ ಹಣವೂ ಅಲ್ಲವೆಂದು ತಿಳಿಯುವ ದುರಭ್ಯಾಸವು ನಮ್ಮ ದೇಶವನ್ನು ಎಷ್ಟು ಕಾಡುತ್ತಿದೆಯೆಂಬುದನ್ನು ದಿನಬೆಳಗಾದರೆ ಈ ಪತ್ರಿಕೆಯ ಅಂಕಣಗಳಲ್ಲಿ ಓದುತ್ತಿರುವವರಿಗೆ ನಾವು ವಿವರಿಸಬೇಕಾಗಿಲ್ಲ. ಇನ್ನೂರು ರೂಪಾಯಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಲೆಕ್ಕ ಒಪ್ಪಿಸಿದವನಿಗೆ ಎರಡು ಕೋಟಿ ರೂಪಾಯಿಗೆ ಲೆಕ್ಕ ಒಪ್ಪಿಸುವ ಧರ್ಮವು ಹೊಸದಾಗಿ ತೋರದು.

ಮೂರನೆಯದು ಸೋಲಿನ ಪಾಠ. ಸಂಘದ ಕಾರ್ಯದರ್ಶಿಯ ಸ್ಥಾನಕ್ಕೆ ಇಬ್ಬರು ನಿಂತರೆ ಒಬ್ಬನು ಸೋಲಲೇಬೇಕು. ಸೋತವನು ಮರುದಿನವೂ ಆಟಕ್ಕೆ ಬರಬೇಕು, ಗೆದ್ದವನ ಮಾತನ್ನು ನಡೆಸಬೇಕು. ಗೆದ್ದವನು ಸೋತವನನ್ನು ಹೀಯಾಳಿಸಬಾರದು. ಪರೀಕ್ಷೆಯಲ್ಲಿ ಸೋತವನಿಗೆ ಶಾಲೆಯು ಅವಮಾನವನ್ನು ಕಲಿಸುತ್ತದೆ. ಆಟದಲ್ಲಿ ಸೋತವನಿಗೆ ಸಂಘವು ನಾಳೆಯನ್ನು ತೋರಿಸುತ್ತದೆ. ಅಂಕಗಳು ಕಡಿಮೆ ಬಂದವೆಂದು ಎಳೆಯ ಜೀವಗಳು ಪ್ರಾಣ ಕಳೆದುಕೊಳ್ಳುವ ಸುದ್ದಿಯನ್ನು ಪ್ರತಿವರ್ಷವೂ ಅಚ್ಚುಮಾಡಬೇಕಾಗಿ ಬರುವ ಪತ್ರಿಕಾಕರ್ತರಾದ ನಮಗೆ, ಸೋಲನ್ನು ತಾಳುವ ಅಭ್ಯಾಸವು ಯಾವ ಪಠ್ಯವಿಷಯಕ್ಕೂ ಕಡಿಮೆಯಲ್ಲವೆಂದು ತೋರುತ್ತದೆ.

ನಾಲ್ಕನೆಯದು ಸಮಾನತೆಯ ಪಾಠ. ನಮ್ಮ ಕೇರಿಗಳು ಇಂದಿಗೂ ಜಾತಿಜಾತಿಗೆ ಹಂಚಿಹೋಗಿವೆ. ಈಗ ಶಾಲೆಗಳೂ ತಂದೆಯ ಸಂಪಾದನೆಗೆ ಅನುಸಾರವಾಗಿ ಹಂಚಿಹೋಗುತ್ತಿವೆ. ಉಳ್ಳವರ ಮಗನು ಹಳದಿ ಬಸ್ಸಿನಲ್ಲಿ ಒಂದು ದಿಕ್ಕಿಗೆ, ಕೂಲಿಯ ಮಗನು ಕಾಲ್ನಡಿಗೆಯಲ್ಲಿ ಇನ್ನೊಂದು ದಿಕ್ಕಿಗೆ ಹೋಗುತ್ತಾರೆ. ಇವರಿಬ್ಬರೂ ಒಂದೇ ಅಂಗಳದಲ್ಲಿ ಕಲೆಯುವ ಅವಕಾಶವು ಸಂಜೆಯ ಸಂಘದಲ್ಲಲ್ಲದೆ ಮತ್ತೆಲ್ಲಿಯೂ ಉಳಿದಿಲ್ಲ. ಖೋ ಖೋ ಆಟದಲ್ಲಿ ಬೆನ್ನು ಮುಟ್ಟದೆ ಖೋ ಕೊಡಲಾಗದು. ಕಬಡ್ಡಿಯಲ್ಲಿ ಕೈ ಕೈ ಹಿಡಿಯದೆ ಎದುರಾಳಿಯನ್ನು ತಡೆಯಲಾಗದು. ಅಸ್ಪೃಶ್ಯತೆಯ ವಿರುದ್ಧವಾಗಿ ನೂರು ಭಾಷಣ ಮಾಡುವುದಕ್ಕಿಂತ ಎಲ್ಲ ಕೇರಿಯ ಹುಡುಗರೂ ಒಂದೇ ಕೊಡದಿಂದ ನೀರು ಕುಡಿಯುವ ಒಂದು ಆಟದ ತಂಡವು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಸಂಘದ ಬಾಗಿಲೇ ಒಂದು ಕೇರಿಗೆ ಮೀಸಲಾದರೆ ಅದು ಈ ಪಾಠಕ್ಕೆ ತದ್ವಿರುದ್ಧವಾದುದನ್ನು ಕಲಿಸುವುದೆಂಬುದನ್ನೂ ಮರೆಯಕೂಡದು.

ಕೊನೆಯದಾಗಿ, ಸಂಘವು ಎಳೆಯರಿಗೆ ಒಬ್ಬ ಅಣ್ಣನನ್ನೋ ಅಕ್ಕನನ್ನೋ ದೊರಕಿಸುತ್ತದೆ. ಹದಿನೈದರ ಹುಡುಗನು ತಂದೆಗೆ ಹೇಳಲಾರದ, ಉಪಾಧ್ಯಾಯರಿಗೆ ಹೇಳಲು ಹೆದರುವ ಎಷ್ಟೋ ಸಂಗತಿಗಳನ್ನು ಇಪ್ಪತ್ತೈದರ ಹಿರಿಯ ಗೆಳೆಯನಿಗೆ ಹೇಳುತ್ತಾನೆ. ಕುಡಿತದ ಮನೆ, ಸಾಲದ ಮನೆ, ಜಗಳದ ಮನೆಯಿಂದ ಬಂದ ಮಗುವಿಗೆ ಅಂಥ ಒಬ್ಬರು ಸಿಕ್ಕುವುದೂ ಸಿಕ್ಕದಿರುವುದೂ ಒಂದು ಜನ್ಮದ ವ್ಯತ್ಯಾಸವಾಗಬಹುದು.

ಈಗಿನ ಅವಸ್ಥೆ

ಹೀಗಿರುವಲ್ಲಿ ಈ ಹೊತ್ತು ಎಲ್ಲಿಗೆ ಹೋಗುತ್ತಿದೆ? ಒಂದು ಪಾಲನ್ನು ಮನೆಪಾಠವು ನುಂಗುತ್ತಿದೆ. ‘ಅಸರ್’ ಸಮೀಕ್ಷೆಯಂತೆ, ದೇಶದ ಗ್ರಾಮಾಂತರದಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಲ್ಲಿ ಹಣ ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ನೂರಕ್ಕೆ 26.4 ಇದ್ದವರು 2022ರಲ್ಲಿ 30.5 ಆದರು. ಇನ್ನೊಂದು ಪಾಲನ್ನು ಅಂಗೈಯೊಳಗಿನ ಯಂತ್ರವು ನುಂಗುತ್ತಿದೆ. ಅದೇ ಸಮೀಕ್ಷೆಯ 2024ರ ವರದಿಯಲ್ಲಿ, 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಹಿಂದಿನ ವಾರದಲ್ಲಿ ಸ್ಮಾರ್ಟ್‌ಫೋನನ್ನು ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57 ಮಂದಿಯಾದರೆ, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76 ಮಂದಿ. ಯಂತ್ರವನ್ನು ಶಪಿಸಿ ಫಲವಿಲ್ಲ. ಅದರಿಂದ ಜ್ಞಾನವೂ ಬರುತ್ತದೆ. ಆದರೆ ಅದರಲ್ಲಿ ಗೆಳೆಯನೊಡನೆ ಮನಸ್ತಾಪವಾದರೆ ಒಂದು ಬೆರಳಿನಿಂದ ಅವನನ್ನು ಅಳಿಸಿಬಿಡಬಹುದು. ಸಂಘದಲ್ಲಿಯಾದರೋ ಮರುದಿನ ಅವನೊಡನೆಯೇ ಹಗ್ಗ ಜಗ್ಗಬೇಕು. ರಾಜಿಯೆಂಬ ಗುಣವು ಹುಟ್ಟುವುದು ಅಲ್ಲಿ.

ಫೋನನ್ನು ಕೆಳಗಿಟ್ಟು ಎಲ್ಲಿಗೆ ಹೋಗಬೇಕೆಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲದಿರುವುದೇ ದುಃಖದ ಸಂಗತಿ. ಉದ್ಯಾನವನಗಳನ್ನೂ ಆಟದ ಬಯಲುಗಳನ್ನೂ ಕಾಪಾಡಲು ನಮ್ಮ ರಾಜ್ಯದಲ್ಲಿ 1985ರ ಕಾಯಿದೆಯೊಂದುಂಟು. ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸುತ್ತದೆ. ಮಕ್ಕಳಿಗೆ ಆಟವೂ ವಿರಾಮವೂ ಹಕ್ಕೆಂದು ಸಾರುವ ವಿಶ್ವಸಂಸ್ಥೆಯ 1989ರ ಒಡಂಬಡಿಕೆಗೆ ಭಾರತವು 1992ರಲ್ಲಿಯೇ ಸಮ್ಮತಿಯಿತ್ತಿದೆ. ಕಾಗದದ ಮೇಲೆ ಬಯಲು ವಿಶಾಲವಾಗಿದೆ. ಊರಿನಲ್ಲಿ ನೋಡಿದರೆ ಅದು ವಾಹನಗಳ ತಂಗುದಾಣವಾಗಿದೆ, ಇಲ್ಲವೆ ಶಾಲೆ ಬಿಟ್ಟೊಡನೆ ಬೀಗ ಬಿದ್ದಿದೆ.

ಲಂಡನ್ ನಗರದಿಂದ ಬಂದ ಎಚ್ಚರಿಕೆ

ಇಂಥ ಸಂಘಗಳು ಇಲ್ಲದೆಹೋದರೆ ಆಗುವ ನಷ್ಟವನ್ನು ಅಳೆಯಬಹುದೆ? ಒಂದು ಕಾಲಕ್ಕೆ ನಮ್ಮನ್ನು ಆಳಿದವರ ರಾಜಧಾನಿಯಲ್ಲಿಯೇ ಈ ಪರೀಕ್ಷೆಯು, ಯಾರೂ ಬಯಸದ ರೀತಿಯಲ್ಲಿ, ನಡೆದುಹೋಗಿದೆ. ಲಂಡನ್ ನಗರದಲ್ಲಿ ಶಾಲೆ ಬಿಟ್ಟ ಮೇಲೆ ಬಾಲಕರು ಹೋಗಿ ಆಡುವ, ಹಾಡುವ, ಓದುವ ‘ಯೂತ್ ಕ್ಲಬ್ಬು’ಗಳು ಕೇರಿಕೇರಿಗೂ ಇದ್ದವು. 2010ರ ತರುವಾಯ ಸರಕಾರವು ವೆಚ್ಚವನ್ನು ಕಡಿತಗೊಳಿಸಿದ್ದರಿಂದ 2019ರ ಹೊತ್ತಿಗೆ ಅವುಗಳಲ್ಲಿ ನೂರಕ್ಕೆ 30ರಷ್ಟು ಮುಚ್ಚಿಹೋದವು. ಬಾಗಿಲು ಮುಚ್ಚಿದ ಕೇರಿಗಳ ಮಕ್ಕಳನ್ನೂ ಬಾಗಿಲು ತೆರೆದೇ ಇದ್ದ ಕೇರಿಗಳ ಮಕ್ಕಳನ್ನೂ ಹೋಲಿಸಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಅರ್ಥಶಾಸ್ತ್ರದ ಸಂಸ್ಥೆಯು 2024ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಕ್ಲಬ್ಬನ್ನು ಕಳೆದುಕೊಂಡ ಮಕ್ಕಳು ಹದಿನಾರನೆಯ ವಯಸ್ಸಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಬಡವರ ಮಕ್ಕಳು ಹೆಚ್ಚಾಗಿ ಹಿಂದೆ ಬಿದ್ದರು. 10ರಿಂದ 17 ವರ್ಷದವರು ಅಪರಾಧಕ್ಕೆ ಇಳಿಯುವ ಸಂಭವವು ನೂರಕ್ಕೆ 14ರಷ್ಟು ಏರಿತು. ಕ್ಲಬ್ಬುಗಳನ್ನು ಮುಚ್ಚಿ ಉಳಿಸಿದ ಪ್ರತಿಯೊಂದು ಪೌಂಡಿಗೆ ಸಮಾಜವು ಸುಮಾರು ಮೂರು ಪೌಂಡುಗಳನ್ನು ಬೇರೆ ರೂಪದಲ್ಲಿ ತೆತ್ತಿತು.

ಈ ಲೆಕ್ಕವು ಓದಿನ ಹೊತ್ತನ್ನು ಆಟವು ಕದಿಯುತ್ತದೆನ್ನುವವರಿಗೆ ಒಳ್ಳೆಯ ಉತ್ತರ. ಕ್ಲಬ್ಬು ಮುಚ್ಚಿದ್ದರಿಂದ ಮಿಕ್ಕ ಹೊತ್ತು ಪುಸ್ತಕಕ್ಕೆ ಹೋಗಲಿಲ್ಲ, ಬೀದಿಗೆ ಹೋಯಿತು. ಅಲ್ಲಿನವರು ಇದ್ದುದನ್ನು ಕಳೆದುಕೊಂಡು ಪಾಠ ಕಲಿತರು. ನಮ್ಮಲ್ಲಿ ಇದ್ದ ಗರಡಿಗಳೂ ಮಂಡಲಗಳೂ ಒಂದೊಂದಾಗಿ ಸದ್ದಿಲ್ಲದೆ ಮುಚ್ಚಿಹೋದಾಗ ಲೆಕ್ಕವಿಟ್ಟವರೂ ಇರಲಿಲ್ಲ.

ಬರಿಯ ಗುಂಪು ಸಂಘವಲ್ಲ

ಇಷ್ಟರಿಂದ, ಹುಡುಗರನ್ನು ಒಂದೆಡೆ ಕೂಡಿಸಿಬಿಟ್ಟರೆ ಸಾಕು, ಗುಣವು ತಾನಾಗಿ ಬರುವುದೆಂದು ಯಾರೂ ಭ್ರಮಿಸಬಾರದು. ಸ್ವೀಡನ್ ದೇಶದಲ್ಲಿ ಸಂಜೆಯ ಹೊತ್ತು ತರುಣರಿಗಾಗಿ ತೆರೆದಿಡುವ ವಿಹಾರ ಕೇಂದ್ರಗಳಿವೆ. 2000ದಲ್ಲಿ ಮಹೋನಿ ಮತ್ತು ಸ್ಟಾಟಿನ್ ಎಂಬ ಇಬ್ಬರು ವಿದ್ವಾಂಸರು ಅಲ್ಲಿನ ಹದಿನಾಲ್ಕು ವರ್ಷದವರನ್ನು ಪರಿಶೀಲಿಸಿದಾಗ, ಕ್ರಮಬದ್ಧವಾದ ಕೂಟಗಳಿಗೆ ಹೋಗುವವರಲ್ಲಿ ದುರ್ನಡತೆ ಕಡಿಮೆಯಾಗಿಯೂ, ಕ್ರಮವಿಲ್ಲದ ಕೇಂದ್ರಗಳಲ್ಲಿ ಸುಮ್ಮನೆ ಹೊತ್ತು ಕಳೆಯುವವರಲ್ಲಿ ಅದು ಹೆಚ್ಚಾಗಿಯೂ ಕಂಡಿತು. ಅಮೆರಿಕದಲ್ಲಿ ಡರ್ಲಾಕ್, ವೈಸ್‌ಬರ್ಗ್ ಮೊದಲಾದವರು ಇಂಥ ಹಲವಾರು ಉದ್ಯಮಗಳ ಫಲವನ್ನು ಒಟ್ಟಾಗಿ ತೂಗಿ 2010ರಲ್ಲಿ ಪ್ರಕಟಿಸಿದ ಲೇಖನದ ತಾತ್ಪರ್ಯವೂ ಹೀಗೆಯೇ ಇದೆ. ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ, ಕೈಯಿಂದ ಮಾಡಿಸುವ, ಅದಕ್ಕೆಂದೇ ಹೊತ್ತನ್ನು ಮೀಸಲಿಡುವ, ಏನನ್ನು ಕಲಿಸುತ್ತೇವೆಂಬ ಸ್ಪಷ್ಟತೆಯುಳ್ಳ ಸಂಘಗಳಲ್ಲಿ ಮಕ್ಕಳ ನಡತೆ, ಆತ್ಮವಿಶ್ವಾಸ, ಓದು ಎಲ್ಲವೂ ಸುಧಾರಿಸಿದವು. ಈ ಗುಣಗಳಿಲ್ಲದವುಗಳಲ್ಲಿ ಗಣನೀಯವಾದ ಫಲ ಕಾಣಲಿಲ್ಲ.

ನಮ್ಮ ಹಿರಿಯರು ಇದನ್ನು ಸಂಶೋಧನೆಯಿಲ್ಲದೆಯೇ ಬಲ್ಲವರಾಗಿದ್ದರು. ಯಕ್ಷಗಾನವನ್ನು ಕಲಿಯಬಂದ ಹುಡುಗನಿಗೆ ಮೊದಲ ದಿನವೇ ಕಿರೀಟವನ್ನು ಕಟ್ಟುತ್ತಿರಲಿಲ್ಲ. ತಾಳ, ಹೆಜ್ಜೆ, ಮಾತು, ಆಮೇಲೆ ವೇಷ. ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣವನ್ನು ಪಡೆಯುವ ಬಾಲಕ ಬಾಲಿಕೆಯರು ತಿಂಗಳುಗಟ್ಟಲೆ ಹೀಗೆ ಅಭ್ಯಾಸ ಮಾಡಿ ರಂಗವನ್ನೇರುವುದನ್ನು ನೋಡಿದವರಿಗೆ ಕ್ರಮದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಕೆಲವು ಆಕ್ಷೇಪಣೆಗಳು

ಸಂಘವೆಂದೊಡನೆ ರಾಜಕೀಯವೆಂದು ಹೆದರುವ ತಂದೆತಾಯಿಗಳಿದ್ದಾರೆ. ಅವರ ಹೆದರಿಕೆಯು ನಿರಾಧಾರವಲ್ಲ. ಗಣೇಶನ ಹಬ್ಬದ ಚಂದಾ ಪುಸ್ತಕದಿಂದ ಆರಂಭವಾಗಿ ಚುನಾವಣೆಯ ಬಾವುಟದಲ್ಲಿ ಕೊನೆಗಾಣುವ ಯುವಕ ಸಂಘಗಳು ಊರೂರಿಗೂ ಉಂಟು. ಮುಂದಾಳುವಿನ ಹುಟ್ಟುಹಬ್ಬಕ್ಕೆ ಫಲಕ ಕಟ್ಟುವುದೇ ಅವುಗಳ ವ್ಯಾಯಾಮ. ಹರ್ಡೀಕರರು ತರುಣರನ್ನು ಕೂಡಿಸಿದುದು ಪರತಂತ್ರ ದೇಶದ ಬಿಡುಗಡೆಗಾಗಿ. ಸ್ವತಂತ್ರ ದೇಶದಲ್ಲಿ ಹದಿನೆಂಟು ತುಂಬದ ಮಕ್ಕಳ ಸಂಘಕ್ಕೆ ಯಾವ ಪಕ್ಷದ ಬಣ್ಣವೂ ಬೇಡ. ಹಣವು ಯಾರಿಂದ ಬಂದಿತೆಂಬುದನ್ನು ಬರೆದು ಗೋಡೆಗೆ ಅಂಟಿಸುವ ಸಂಘವನ್ನು ಯಾರೂ ಕೊಂಡುಕೊಳ್ಳಲಾರರು.

ಎರಡನೆಯ ಮಾತು ಹೆಣ್ಣುಮಕ್ಕಳದು. ಸಂಜೆಯಾಯಿತೆಂದರೆ ಹುಡುಗನಿಗೆ ಬಯಲು, ಹುಡುಗಿಗೆ ಪಾತ್ರೆ ಎಂಬ ಪದ್ಧತಿಯು ಇನ್ನೂ ಅಳಿದಿಲ್ಲ. ಅರ್ಧ ಊರಿಗೆ ಮಾತ್ರ ತೆರೆದ ಸಂಘವನ್ನು ಊರಿನ ಸಂಘವೆನ್ನಲಾಗದು. ಹುಡುಗಿಯರು ಬರಬೇಕಾದರೆ ಅಲ್ಲಿ ನಂಬಿಕೆಗೆ ಅರ್ಹಳಾದ ಒಬ್ಬ ಅಕ್ಕನಿರಬೇಕು, ಶುಚಿಯಾದ ಶೌಚಗೃಹವಿರಬೇಕು, ಮನೆಗೆ ಮರಳುವ ದಾರಿಯಲ್ಲಿ ದೀಪವಿರಬೇಕು, ಕತ್ತಲಾಗುವ ಮೊದಲೇ ಕೂಟವು ಮುಗಿಯಬೇಕು. 1924ರಲ್ಲಿ ಉಮಾಬಾಯಿಯವರಿಗೆ ಸಾಧ್ಯವಾದುದು ನೂರು ವರ್ಷಗಳ ಮೇಲೆ ನಮಗೆ ಅಸಾಧ್ಯವೆಂದರೆ ಅದು ನಾಚಿಕೆಯ ಮಾತು.

ಮೂರನೆಯದು ಮಕ್ಕಳ ರಕ್ಷಣೆ. ಮಕ್ಕಳಿರುವೆಡೆಗೆ ಸಜ್ಜನರಂತೆಯೇ ದುರ್ಜನರೂ ಬರುತ್ತಾರೆ. ಮಗುವಿನ ಮೇಲಣ ಲೈಂಗಿಕ ದೌರ್ಜನ್ಯವನ್ನು ಕುರಿತ 2012ರ ಪೋಕ್ಸೊ ಕಾಯಿದೆಯು ಅಪರಾಧವನ್ನು ತಿಳಿದೂ ತಿಳಿಸದವನನ್ನೂ ಶಿಕ್ಷಿಸುತ್ತದೆ. ಇಬ್ಬರು ಹಿರಿಯರಿಲ್ಲದೆ ಕೂಟ ನಡೆಯಬಾರದು, ಬಾಗಿಲು ತೆರೆದೇ ಇರಬೇಕು, ಯಾವ ತಂದೆತಾಯಿಗಳೂ ಯಾವ ಹೊತ್ತಿನಲ್ಲಿಯೂ ಬಂದು ನೋಡಬಹುದು ಎಂಬ ಮೂರು ನಿಯಮಗಳನ್ನು ಮೊದಲ ದಿನವೇ ಗೊತ್ತುಮಾಡಬೇಕು.

ಮಾಡತಕ್ಕ ಕಾರ್ಯ

ಸರಕಾರವು ಹೊಸ ಇಲಾಖೆಯನ್ನು ತೆರೆಯಲೆಂದು ನಾವು ಬೇಡುವುದಿಲ್ಲ. ಇರುವುದನ್ನು ತೆರೆದಿಡಲೆಂದು ಬೇಡುತ್ತೇವೆ. ನಾಡಿನ ಪ್ರತಿಯೊಂದು ಹಳ್ಳಿಗೂ ಹತ್ತಿರದಲ್ಲಿ ಒಂದು ಸರಕಾರೀ ಶಾಲೆಯುಂಟು. ಸಂಜೆಯಾದೊಡನೆ ಅದಕ್ಕೆ ಬೀಗ ಬೀಳುತ್ತದೆ. ಅದರ ಅಂಗಳವನ್ನೂ ಒಂದು ಕೋಣೆಯನ್ನೂ ಕತ್ತಲಾಗುವವರೆಗೆ ಊರಿನ ಮಕ್ಕಳಿಗೆ ಬಿಟ್ಟುಕೊಡುವುದಕ್ಕೆ ಶಾಲಾಭಿವೃದ್ಧಿ ಸಮಿತಿಯ ಒಂದು ನಿರ್ಣಯವೂ ಒಂದು ಬೀಗದ ಕೈಯೂ ಸಾಕು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಚೆಗೆ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮೀಣ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವವನ್ನು ಕೊಡಲಾಯಿತು. ಇದು ಸ್ತುತ್ಯವಾದ ಕಾರ್ಯ. ಪುಸ್ತಕವಿರುವ ಆ ಮನೆಯ ಪಕ್ಕದಲ್ಲಿ ಆಟದ ಬಯಲೂ ಸೇರಿದರೆ ಸಂಘಕ್ಕೆ ಬೇಕಾದ ಅರ್ಧ ಸಾಮಗ್ರಿಯು ಒದಗಿದಂತಾಯಿತು.

ಉಳಿದರ್ಧವು ಮನುಷ್ಯರದು, ಅದನ್ನು ಯಾವ ಸರಕಾರವೂ ಮಂಜೂರು ಮಾಡಲಾರದು. ನಿವೃತ್ತರಾದ ಉಪಾಧ್ಯಾಯರು, ಸೈನ್ಯದಿಂದ ಮರಳಿದವರು, ಕಾಲೇಜು ಮುಗಿಸಿ ಊರಿನಲ್ಲಿರುವ ತರುಣ ತರುಣಿಯರು, ಹಾಡುಬಲ್ಲ ಅಜ್ಜಿಯರು, ಮರಗೆಲಸ ಬಲ್ಲ ಆಚಾರಿಗಳು, ಇವರಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಎರಡು ಸಂಜೆಗಳನ್ನು ಕೊಟ್ಟರೆ ಒಂದು ಸಂಘವು ನಿಲ್ಲುತ್ತದೆ. ಹಿರಿಯರು ದಾರಿ ತೋರಿಸಬೇಕೇ ಹೊರತು ಅಧ್ಯಕ್ಷಪೀಠವನ್ನು ಏರಬಾರದು. ನಡವಳಿಯ ಪುಸ್ತಕವನ್ನು ಮಕ್ಕಳೇ ಬರೆಯಲಿ. ಲೆಕ್ಕವನ್ನು ಮಕ್ಕಳೇ ಇಡಲಿ. ಜಗಳವನ್ನು ಸಾಧ್ಯವಾದಮಟ್ಟಿಗೆ ಮಕ್ಕಳೇ ತೀರಿಸಿಕೊಳ್ಳಲಿ. ಅವರು ತಪ್ಪುವರು, ತಪ್ಪಿ ತಿದ್ದಿಕೊಳ್ಳುವುದಕ್ಕೆಂದೇ ಸಂಘವಿರುವುದು. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವು ಇನ್ನೂ ಚಿಕ್ಕದು: ಟ್ಯೂಷನ್ನಿನ ಒಂದು ತಾಸನ್ನು ಬಯಲಿಗೆ ಕೊಡಿರಿ.

ನಾಡನ್ನು ಕಟ್ಟುವ ಮಾತು ನಮ್ಮ ವೇದಿಕೆಗಳಿಂದ ಬೇಕಾದಷ್ಟು ಕೇಳಿಬರುತ್ತಿದೆ. ನಾಡು ಕಟ್ಟಲ್ಪಡುವುದು ವೇದಿಕೆಯ ಮೇಲಲ್ಲ. ನಾಳೆಯ ಪಂಚಾಯತಿಯ ಅಧ್ಯಕ್ಷಳೂ, ನಾಳೆಯ ಮತದಾರನೂ, ನಾಳೆಯ ಅಧಿಕಾರಿಯೂ ಇಂದು ಸಂಜೆ ನಾಲ್ಕೂವರೆಗೆ ಚೀಲವನ್ನು ಹೆಗಲಿಗೇರಿಸಿ ಶಾಲೆಯ ಹೆಬ್ಬಾಗಿಲಿನಿಂದ ಹೊರಬರುತ್ತಾರೆ. ಅವರಿಗೆ ಹೋಗಲು ಒಂದು ಸ್ಥಳವನ್ನೂ, ಮಾಡಲು ಒಂದು ಕೆಲಸವನ್ನೂ, ಹೊರಲು ಒಂದು ಹೊಣೆಯನ್ನೂ ಕೊಡುವುದು ಹಿರಿಯರಾದ ನಮ್ಮ ಕರ್ತವ್ಯ. ಅದನ್ನು ನಾವು ಮಾಡದಿದ್ದರೆ ಅವರ ಸಾಯಂಕಾಲಕ್ಕೆ ಬೇರೆ ಯಾರಾದರೂ ಒಡೆಯರಾಗುವರು; ಅವರು ಯಾರಾಗಿರಬಹುದೆಂಬುದನ್ನು ಪ್ರತಿಯೊಂದು ಊರೂ ಬಲ್ಲುದು. ಈ ವರ್ಷದ ಶಾಲೆಗಳು ಮುಗಿಯುವ ಮೊದಲು ನಮ್ಮ ವಾಚಕರ ಊರುಗಳಲ್ಲಿ ಒಂದೊಂದಾದರೂ ಬೀಗವು ತೆರೆಯಲೆಂದು ಹಾರೈಸುತ್ತೇವೆ.